ನೂರಕ್ಕೆ ಕೂರಿಸಿದ ಮುಳ್ಳು

ಎರಡನೆಯ ಸಲ ಸೌಟು ಬಿದ್ದದ್ದು ನೇರ ಕಿವಿಯ ಮೇಲೆ. ಮೊದಲನೆಯದು ಹೆಗಲಿಗೆ ಬಿದ್ದಿತ್ತು, ಅಂಥದ್ದನ್ನೆಲ್ಲ ಏಟು ಅಂತ ಲೆಕ್ಕಕ್ಕೆ ಹಿಡಿಯುವವನೇ ಅಲ್ಲ ತಮ್ಮ. ಇದಕ್ಕೆ ಮಾತ್ರ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಬೆರಳ ಸಂದಿಯಿಂದ ಬೆಚ್ಚಗೆ ಏನೋ ಜಿನುಗಿ ಮೊಣಕೈವರೆಗೆ ಇಳಿಯಿತು. ಅವನ ಕಣ್ಣಿನ ಮಟ್ಟಕ್ಕೆ ಹಲಗೆಯ ಮೇಲೆ ನಿನ್ನೆ ಮಿಕ್ಕಿದ ಕೋಳಿಯೊಂದು ಎರಡು ಸೀಳಾಗಿ ಬಿದ್ದಿತ್ತು. ಮೇಲೆ ಚರ್ಮ ಚೆನ್ನಾಗಿ ಕೆಂಪಗೆ ಸುಟ್ಟಿದ್ದರೂ ತೊಡೆಯ ಮೂಳೆಯ ಸುತ್ತ ಮಾಂಸ ಇನ್ನೂ ಹಸಿಹಸಿ, ಮೂಳೆಗೆ ಅಂಟಿದ ಕಡೆ ರಕ್ತ.

"ಇದನ್ನ ಬೆಂದಿದೆ ಅಂತ ಕೊಟ್ಟೆಯಲ್ಲೋ," ಅಂದಳು ಅಕ್ಕ. ಅವಳಿಗೆ ಏದುಸಿರು ಬರುತ್ತಿತ್ತು. "ಆ ಮುದುಕ ಸತ್ತರೆ ನಿನ್ನನ್ನ ಇದೇ ಹಲಗೆ ಮೇಲೆ ಕೊಚ್ಚಿ ಹಾಕ್ತೀನಿ."

ಅವಳು ಹಾಗೆ ಅಂದರೆ ಅರ್ಧ ನಿಜ ಅಂತಲೇ ತಿಳಿಯಬೇಕು. ಅಕ್ಕನಿಗೆ ಕೈ ಮುಂದು, ಮಾತು ಹಿಂದು. ಅಮ್ಮ ಹೋದಾಗ ಅವಳಿಗೆ ಹದಿನಾರು, ತಮ್ಮನಿಗೆ ಆರು. ಅವನನ್ನು ಎತ್ತಿ ಆಡಿಸಿದ್ದು, ಉಣ್ಣಿಸಿದ್ದು, ಬಡಿದದ್ದು ಎಲ್ಲ ಆ ಒಂದೇ ಬಲಗೈ. ಆ ಕೈಯ ಹೊಡೆತಕ್ಕೆ ಭಾವ ಮದುವೆಯಾದ ಹೊಸದರಲ್ಲೇ ಒಂದು ಹಲ್ಲು ಕಳೆದುಕೊಂಡು, ಎರಡನೆಯದಕ್ಕೆ ಕಾಯದೆ ಊರು ಬಿಟ್ಟ, ಜಾಣ. ತಮ್ಮ ಎಲ್ಲಿಗೂ ಹೋಗಲಿಲ್ಲ. ಈಗ ಅವನ ನೆತ್ತಿ ಬೋಳಾಗುತ್ತಾ ಬಂದಿದೆ, ಮೀಸೆಯಲ್ಲಿ ಬಿಳಿ ಇಣುಕಿದೆ, ಆದರೂ ಬೀದಿಯವರೆಲ್ಲ ಅವನನ್ನು ಕರೆಯುವುದು ತಮ್ಮ ಅಂತಲೇ. ಅವಳು ಎಲ್ಲರಿಗೂ ಅಕ್ಕ, ಅವಳಿಗಿಂತ ದೊಡ್ಡವರಿಗೂ.

ಇಬ್ಬರೂ ಸೇರಿ ನಡೆಸುವುದು ಇಡೀ ಕೋಳಿ ಸುಟ್ಟು ಮಾರುವ ಅಂಗಡಿ. ಮುಂದುಗಡೆ ಗಾಜಿನ ಕಪಾಟು, ಹಿಂದುಗಡೆ ಭಟ್ಟಿ, ನಡುವೆ ಉದ್ದನೆಯ ಮರದ ಹಲಗೆ. ನಿನ್ನೆ ಒಬ್ಬ ಲಾರಿ ಡ್ರೈವರ್ ತನ್ನಪ್ಪನಿಗೆ ಎಪ್ಪತ್ತು ತುಂಬಿತೆಂದು ಬಂಧು ಬಳಗಕ್ಕೆಲ್ಲ ಊಟ ಇಟ್ಟುಕೊಂಡಿದ್ದ. ಕೋಳಿ ಹೋದದ್ದು ಇವರ ಭಟ್ಟಿಯಿಂದ. ಬೆಳಿಗ್ಗೆ ಮೊಟ್ಟೆ ತಂದವನು ಸುದ್ದಿಯನ್ನೂ ತಂದಿದ್ದ. ಊಟ ಮಾಡಿದವರಲ್ಲಿ ಅರ್ಧಕ್ಕರ್ಧ ಜನ ವಾಂತಿ ಭೇದಿ ಜ್ವರ ಅಂತ ಆಸ್ಪತ್ರೆ ಸೇರಿದ್ದಾರಂತೆ, ಮುದುಕನಿಗೆ ಪ್ರಜ್ಞೆಯೇ ಇಲ್ಲವಂತೆ, ಡ್ರೈವರ್ ಕಂಡಕಂಡವರ ಹತ್ತಿರ ಕೋಳಿ ಬೇಯಿಸಿದವನು ಯಾರು ಅಂತ ಕೇಳುತ್ತಿದ್ದಾನಂತೆ. ಇಷ್ಟು ಹೇಳಿ ಅವನು ಮೊಟ್ಟೆ ಎಣಿಸಿ ಕೊಡುವುದನ್ನೂ ಮರೆತು ಸೈಕಲ್ ಹತ್ತಿದ್ದ.

ಬೇಯಿಸಿದವನು ತಮ್ಮ. ಅಕ್ಕ ಕೋಳಿ ಕತ್ತರಿಸಿ, ಮಸಾಲೆ ಹಚ್ಚಿ ಕೊಟ್ಟರೆ ಭಟ್ಟಿಯ ಮುಂದೆ ನಿಲ್ಲುವುದು, ಇಳಿಸುವುದು ಅವನ ಕೆಲಸ. ಇಳಿಸುವುದಕ್ಕೆ ಅಕ್ಕ ಮಾಡಿಟ್ಟ ಒಂದು ಕಾಯಿದೆ ಇತ್ತು. ಅವರ ಬಳಿ ಒಂದು ಮಾಂಸದ ಥರ್ಮಾಮೀಟರ್ ಇದೆ. ಗೇಣುದ್ದದ ಉಕ್ಕಿನ ಕಡ್ಡಿ, ತುದಿ ಚೂಪು, ತಲೆಯ ಮೇಲೆ ಗಡಿಯಾರದ ಹಾಗೆ ಗುಂಡನೆಯ ಮುಖ, ಅದರೊಳಗೊಂದು ಮುಳ್ಳು. ಇಬ್ಬರ ಬಾಯಲ್ಲೂ ಅದರ ಹೆಸರು ಕಡ್ಡಿ. ಎದೆಯ ದಪ್ಪ ಭಾಗಕ್ಕೆ ಚುಚ್ಚಬೇಕು, ಮುಳ್ಳು ಎಪ್ಪತ್ತೈದಕ್ಕೆ ಬಂದ ತಕ್ಷಣ ಇಳಿಸಬೇಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಕೋಳಿ ಹತ್ತಿಯಾಗುತ್ತದೆ, ಏಟೂ ಬೀಳುತ್ತದೆ.

"ಎಪ್ಪತ್ತೈದು ತೋರಿಸ್ತು ಅಕ್ಕ," ಅಂದ ತಮ್ಮ ಕೂತಲ್ಲಿಂದಲೇ. "ಒಂದೊಂದಕ್ಕೂ ಚುಚ್ಚಿ ನೋಡಿದೀನಿ. ಕಡ್ಡಿನೇ ಕೆಟ್ಟಿರಬೇಕು."

ಅದಕ್ಕೆ ಅಕ್ಕ ಸೌಟು ಕೆಳಗಿಟ್ಟಳು. ಕಡ್ಡಿಯ ವಿಷಯ ಬಂದರೆ ಅವಳಿಗೆ ಎಲ್ಲಿಲ್ಲದ ಅಭಿಮಾನ. ಕೆಳಗೆ, ಸಮುದ್ರದ ಊರಿನಲ್ಲಿ ಅಂಗಡಿ ಇದ್ದಾಗ ಕೊಂಡದ್ದು ಅದು. ರಸ್ತೆ ಅಗಲ ಮಾಡಲು ಬಂದವರು ಆ ಅಂಗಡಿ ಕೆಡವಿದ ದಿನ ಅವಳು ಒಳಗಿಂದ ಮೊದಲು ಎತ್ತಿಕೊಂಡು ಬಂದದ್ದೂ ಅದನ್ನೇ. ಈ ಬೆಟ್ಟದ ಊರಿಗೆ ಬರುವಾಗ ದಾರಿಯುದ್ದಕ್ಕೂ ಸೆರಗಿನಲ್ಲಿ ಸುತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡಿದ್ದಳು. ಬಸ್ಸು ತಿರುವು ಸುತ್ತಿ ಸುತ್ತಿ ಹತ್ತುವಾಗ ಕಿಟಕಿಯಿಂದ ಹೊರಗೆ ತಮ್ಮ ಕಕ್ಕುತ್ತಿದ್ದ, ಅವಳ ಕೈ ಅವನ ಬೆನ್ನಿಗೆ ಬರಲಿಲ್ಲ, ಕಡ್ಡಿಯ ಮೇಲೇ ಇತ್ತು.

ಊರೇನೋ ಒಳ್ಳೆಯದೇ. ಆದರೆ ಮೋಡಕ್ಕಿಂತ ಮೇಲೆ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ. ಆಲೂಗಡ್ಡೆ ಅಂತೂ ಎಷ್ಟು ಕುದಿಸಿದರೂ ಬೇಯುವುದೇ ಇಲ್ಲ. ಹಳೇ ಮಾಲು ಕೊಟ್ಟಿದ್ದೀಯ ಅಂತ ಅಕ್ಕ ಒಮ್ಮೆ ಪಾತ್ರೆ ಸಮೇತ ಒಯ್ದು ತರಕಾರಿಯವನ ಮುಖದ ಮೇಲೆ ಸುರಿದು ಬಂದಿದ್ದಳು. ನೀರು ಆರಿತ್ತು, ಅವನ ಪುಣ್ಯ.

ಈಗ ಅವಳು ಪಾತ್ರೆಯಲ್ಲಿ ನೀರಿಟ್ಟು ಒಲೆ ಹೊತ್ತಿಸಿದಳು. ನೀರು ಕೊತಕೊತ ಕುದಿಯತೊಡಗಿದ ಮೇಲೆ ಕಡ್ಡಿಯನ್ನು ಇಳಿಬಿಟ್ಟಳು. ಮುಳ್ಳು ಏರಿ ಏರಿ ನೂರರ ಗೆರೆಯ ಮೇಲೆ ಬಂದು ನಿಂತಿತು, ಒಂದು ಕೂದಲಿನಷ್ಟೂ ಆಚೀಚೆ ಆಗಲಿಲ್ಲ. ಅಕ್ಕ ತಮ್ಮನ ತಲೆಗೂದಲು ಹಿಡಿದು ಎಬ್ಬಿಸಿ, ಹಬೆಯ ಒಳಗೇ ಅವನ ಮುಖ ಬಗ್ಗಿಸಿ ತೋರಿಸಿದಳು.

"ಎಷ್ಟಿದೆ ಹೇಳು."

"ನೂರು."

"ಕುದಿಯೋ ನೀರು ಎಷ್ಟು ಇರಬೇಕು?"

"ನೂರು."

ಹಾಗಾದರೆ ಕೆಟ್ಟಿರುವುದು ಕಡ್ಡಿಯಲ್ಲ, ನೀನು, ಭಟ್ಟಿ ಮುಂದೆ ನಿಂತು ತೂಕಡಿಸಿದ್ದೀಯ, ಕಡ್ಡಿ ಚುಚ್ಚಿಯೇ ಇಲ್ಲ ಅಂದಳು. ಒಂದು ಕೆನ್ನೆಗೆ, ಮತ್ತೊಂದು ಅದೇ ಕಿವಿಗೆ ಕೊಟ್ಟಳು. ಆಮೇಲೆ ಅಂಗಡಿಯ ಷಟರ್ ಬಾಗಿಲು ಅರ್ಧ ಕೆಳಕ್ಕೆ ಎಳೆಯಲು ಮುಂದಕ್ಕೆ ಹೋದಳು.

ಹಸಿಬಟ್ಟೆ ಕಿವಿಗೆ ಒತ್ತಿಕೊಂಡು ಹಲಗೆಗೆ ಒರಗಿ ನಿಂತ ತಮ್ಮ. ತಲೆ ಗಿರ್ರೆನ್ನುತ್ತಿತ್ತು, ಮೈ ನಡುಗುತ್ತಿತ್ತು. ತಾನು ತೂಕಡಿಸಿರಬಹುದೇ ಅಂತ ಯೋಚಿಸಿದ. ಇಷ್ಟು ಏಟು ಬಿದ್ದ ಮೇಲೆ ಮನುಷ್ಯನಿಗೆ ತನ್ನ ಮೇಲೇ ಅನುಮಾನ ಬರುವುದು ಸಹಜ. ಆದರೆ ಇಲ್ಲ, ಒಂದೊಂದು ಕೋಳಿಗೂ ಚುಚ್ಚಿದ್ದ. ನಡುಕ ಹೆಚ್ಚಾದಾಗ ನಿನ್ನೆ ತಾನೂ ಒಂದು ತುಂಡು ತಿಂದದ್ದು ನೆನಪಾಯಿತು. ತನಗೂ ಜ್ವರ ಬಂತೇನೋ. ಕೈಗೆ ಸಿಕ್ಕ ಕಡ್ಡಿಯನ್ನೇ ಒರೆಸಿ, ಅಂಗಿಯ ಗುಂಡಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ.

ಮುಳ್ಳು ನಲವತ್ತೇಳಕ್ಕೆ ನಿಂತಿತು.

ಅವನಿಗೆ ನಗು ಬಂತು. ಮೈಯ ಬಿಸಿ ಮೂವತ್ತೇಳು ಇರಬೇಕು. ನಲವತ್ತೇಳು ಜ್ವರ ಬಂದ ಮನುಷ್ಯ ನಿಂತಿರುವುದಿಲ್ಲ, ಅವನನ್ನು ಮಲಗಿಸಿ ನಾಲ್ಕು ಜನ ಅಳುತ್ತಿರುತ್ತಾರೆ. ಅಕ್ಕನನ್ನು ಕೂಗಿ ತೋರಿಸಿದ. ಕೋಳಿಗೆ ಚುಚ್ಚುವುದನ್ನು ಕಂಕುಳಿಗೆ ಇಟ್ಟುಕೊಂಡೆಯಾ ಅಂತ ಅವಳು ಕೈ ಎತ್ತಿದಳು, ಆದರೆ ಕಡ್ಡಿಯ ಮುಖ ನೋಡಿ ಕೈ ಇಳಿಸಿದಳು. ಕಡ್ಡಿ ಕಿತ್ತುಕೊಂಡು, ಅತ್ತ ತಿರುಗಿ ರವಿಕೆಯ ತೋಳಿನ ಸಂದಿಯಿಂದ ತಾನೂ ಇಟ್ಟುಕೊಂಡಳು. ತಿರುಗಿದಾಗ ಅವಳ ಹುಬ್ಬು ಗಂಟಾಗಿತ್ತು. ಅವಳದ್ದೂ ನಲವತ್ತೇಳು.

ಇದು ಬಿಸಿ ಅಳೆಯಲು ಮಾಡಿದ ವಸ್ತು, ಬಿಸಿಯಾದದ್ದನ್ನೇ ಸರಿಯಾಗಿ ತೋರಿಸುತ್ತದೆ, ಮನುಷ್ಯರ ಮೈಯೆಲ್ಲ ಅದಕ್ಕೆ ಅರ್ಥ ಆಗುವುದಿಲ್ಲ ಅಂದಳು ಅಕ್ಕ. ನೂರು ಸರಿ ಇದ್ದ ಮೇಲೆ ಎಪ್ಪತ್ತೈದು ಹೇಗೆ ತಪ್ಪಾಗುತ್ತದೆ ಅಂತ ಅವನನ್ನೇ ಕೇಳಿದಳು. ಅಷ್ಟರಲ್ಲಿ ಮುಂದಿನ ಕಪಾಟಿನ ಗಾಜು ಸಿಡಿದು ನೆಲಕ್ಕೆ ಸುರಿಯಿತು.

ಅರ್ಧ ಎಳೆದ ಬಾಗಿಲಿನಡಿ ಬಗ್ಗಿ ಒಳಗೆ ಬಂದವನು ಡ್ರೈವರ್. ದಪ್ಪ ಕತ್ತಿನ ಆಳು, ಕಣ್ಣು ನಿದ್ದೆಗೆಟ್ಟು ಕೆಂಡವಾಗಿತ್ತು, ಕೈಯಲ್ಲಿ ಚಕ್ರ ಬಿಚ್ಚುವ ಕಬ್ಬಿಣದ ರಾಡು. ಅಂಗಿಯ ಮೇಲೆ ಯಾರದೋ ವಾಂತಿಯ ಕಲೆ ಒಣಗಿತ್ತು. ಅವನು ಕೂಗಾಡಲಿಲ್ಲ. ಮಸಾಲೆ ಡಬ್ಬಿಗಳ ಸಾಲನ್ನು ರಾಡಿನಿಂದ ಒಂದೇ ಸಲಕ್ಕೆ ಗುಡಿಸಿ ಕೆಡವಿದ, ತಕ್ಕಡಿಯನ್ನು ಜಜ್ಜಿದ, ಹಲಗೆ ಸುತ್ತಿ ಬಂದು ಕೋಳಿ ಬೇಯಿಸಿದವನು ಯಾರು ಅಂತ ಕೇಳಿದ. ತಮ್ಮನ ಕಣ್ಣು ನೋಡಿಯೇ ಅವನಿಗೆ ಗೊತ್ತಾಯಿತು.

ಕುತ್ತಿಗೆಗೆ ಕೈ ಹಾಕಿ ತಮ್ಮನನ್ನು ಭಟ್ಟಿಯ ಕಡೆ ತಳ್ಳಿದ. ಅದರ ಬಾಗಿಲು ತೆರೆದೇ ಇತ್ತು, ಒಳಗೆ ಕೆಂಡ. ತಮ್ಮನ ಮುಖ ಬಿಸಿಗೆ ಹತ್ತಿರವಾಗುತ್ತಾ ಹೋಗಿ ಹುಬ್ಬಿನ ಕೂದಲು ಚುರುಚುರು ಸುಟ್ಟ ವಾಸನೆ ಬಂತು. ಅವನು ಎರಡೂ ಕೈಯನ್ನು ಭಟ್ಟಿಯ ಅಂಚಿಗೆ ಕೊಟ್ಟು ತಡೆದ. ಅಂಗೈ ಅಂಚಿಗೆ ಅಂಟಿತು. ಕಡ್ಡಿ ಎಪ್ಪತ್ತೈದು ತೋರಿಸಿತ್ತು, ಕಡ್ಡಿ ಕೆಟ್ಟಿದೆ, ನನ್ನ ತಪ್ಪಿಲ್ಲ ಅಂತ ಕಿರುಚಿದ.

ಆಗ ಅಕ್ಕ ಬಾಯಿ ಬಿಟ್ಟಳು. ಬಿಡಬಾರದಿತ್ತು. ಬೇರೆ ಯಾರಾದರೂ ಆಗಿದ್ದರೆ ಬಿಡಪ್ಪ, ಸಾಯ್ತಾನೆ ಅಂತ ಕಾಲು ಹಿಡಿಯುತ್ತಿದ್ದರು. ಅವಳಿಗೆ ಆ ಹೊತ್ತಿನಲ್ಲೂ ತನ್ನ ಕಡ್ಡಿಗೆ ಕೆಟ್ಟ ಹೆಸರು ಬಂದದ್ದೇ ದೊಡ್ಡದಾಯಿತು.

"ಕಡ್ಡಿ ಕೆಟ್ಟಿಲ್ಲ," ಅಂದಳು. "ಕುದಿಯೋ ನೀರಿಗೆ ಹಾಕಿ ನೀವೇ ನೋಡಿ. ನೂರಕ್ಕೆ ನಿಲ್ಲತ್ತೆ. ಇವನೇ ನೋಡದೆ ಇಳಿಸಿರೋದು."

ತಮ್ಮನಿಗೆ ಅದು ಕೇಳಿಸಿತು. ಕೆಂಡದ ಮುಂದೆ ಮುಖ ಇಟ್ಟುಕೊಂಡೇ ಕೇಳಿಸಿಕೊಂಡ.

ಡ್ರೈವರ್ ಅವನನ್ನು ಬಿಟ್ಟ. ಕಡ್ಡಿ ತೆಗೆದುಕೊಂಡು ಒಲೆಯ ಮೇಲೆ ಇನ್ನೂ ಕುದಿಯುತ್ತಿದ್ದ ಪಾತ್ರೆಗೆ ಇಳಿಬಿಟ್ಟ. ಮುಳ್ಳು ನೂರಕ್ಕೆ ಹೋಗಿ ನಿಂತಿತು. ಅವನು ಅದನ್ನೇ ನೋಡುತ್ತಾ ನಿಂತ, ಆಮೇಲೆ ಒಂದು ಥರ ನಕ್ಕ.

"ಕೆಳಗಿಂದ ಬಂದೋರಾ ನೀವು?" ಅಂದ. "ಕೆಳಗೆ ನೀರು ಕುದಿಯೋದು ನೂರಕ್ಕೆ. ಇಲ್ಲಿ ತೊಂಬತ್ತಕ್ಕೇ ಕುದಿಯತ್ತೆ. ಮೇಲೆ ಹತ್ತಿದ ಹಾಗೆಲ್ಲ ಬೇಗ ಕುದಿಯತ್ತೆ, ಬಿಸಿ ಕಮ್ಮಿ ಇರೋವಾಗ್ಲೇ. ಈ ಘಾಟಿಲಿ ರೇಡಿಯೇಟರ್ ಉಕ್ಕಿಸ್ಕೊಂಡು ಬದುಕೋನು ನಾನು, ನನಗೆ ಗೊತ್ತಿಲ್ವಾ." ಕಡ್ಡಿ ಎತ್ತಿ ಹಲಗೆಯ ಮೇಲೆ ಎಸೆದ. ಗುಂಡನೆಯ ಮುಖದ ಕೆಳಗೆ ಸಣ್ಣ ನಟ್ಟು ಇತ್ತು, ಅದರ ಅಂಚಿನಲ್ಲಿ ಸ್ಪ್ಯಾನರ್ ಕಚ್ಚಿದ ಹೊಸ ಗೀರು ಹೊಳೆಯುತ್ತಿತ್ತು. ಅವನು ಅದರ ಮೇಲೆ ಬೆರಳಿಟ್ಟ. "ಸರಿ ಇದ್ದ ಮುಳ್ಳನ್ನ ಹತ್ತು ಮುಂದಕ್ಕೆ ತಿರುಗಿಸಿ ನೂರಕ್ಕೆ ಕೂರಿಸಿದ್ದು ಯಾರು?"

ಕೂರಿಸಿದ್ದು ಅಕ್ಕ. ಇಲ್ಲಿಗೆ ಬಂದ ಹೊಸದರಲ್ಲಿ ಕುದಿಯುವ ನೀರಿನಲ್ಲಿ ಮುಳ್ಳು ತೊಂಬತ್ತಕ್ಕೇ ನಿಂತಾಗ, ಬಸ್ಸಿನ ಕುಲುಕಾಟಕ್ಕೆ ಸಡಿಲವಾಗಿದೆ ಅಂತ ಅವಳೇ ಸ್ಪ್ಯಾನರ್ ಹಿಡಿದು ತಿರುಗಿಸಿದ್ದಳು. ಈಗ ಸರಿಯಾಯಿತು ನೋಡು ಅಂತ ತಮ್ಮನ ಬೆನ್ನು ತಟ್ಟಿದ್ದಳು, ಅಪರೂಪಕ್ಕೆ. ಅಂದಿನಿಂದ ಅವರ ಎಪ್ಪತ್ತೈದು ಬರೀ ಅರವತ್ತೈದು. ಬೇರೆ ದಿನಗಳಲ್ಲಿ ಒಂದೊಂದೇ ಕೋಳಿ ಗಿರಾಕಿ ಬರುವವರೆಗೆ ಭಟ್ಟಿಯ ಬಾಯಲ್ಲೇ ಕೂತು ಹೇಗೋ ಬೆಂದುಬಿಡುತ್ತಿತ್ತು. ನಿನ್ನೆ ಅಷ್ಟನ್ನೂ ಇಳಿಸಿದ ಹಾಗೇ ಬುಟ್ಟಿಗೆ ತುಂಬಿ ಕಳಿಸಿದ್ದರು.

ಅಕ್ಕ ತಮ್ಮನ ಕಡೆ ನೋಡಿದಳು. ಆ ನೋಟದಲ್ಲಿ ಏನು ಬೇಡಿಕೊಂಡಳೋ, ಅವಳಿಗೆ ಬೇಡಿ ಅಭ್ಯಾಸವಿರಲಿಲ್ಲ, ಅವನಿಗೆ ಅದನ್ನು ಕಂಡು ಅಭ್ಯಾಸವಿರಲಿಲ್ಲ. ಸುಟ್ಟ ಅಂಗೈಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದ ತಮ್ಮ. ಗೊತ್ತಿಲ್ಲ ಅನ್ನಬಹುದಿತ್ತು. ನಾನೇ ಅನ್ನಬಹುದಿತ್ತು, ಇನ್ನೆರಡು ಏಟು ತಿಂದರೆ ಅವನಿಗೇನು ಹೊಸದೇ.

"ಅಕ್ಕ ಕೂರಿಸಿದ್ದು," ಅಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಸ್ಪ್ಯಾನರ್ ಅವಳ ಏಪ್ರನ್ ಜೇಬಲ್ಲೇ ಇದೆ, ನೋಡಿ."

ಹೇಳುವಾಗ ಅವನಿಗೆ ಹಿತವಾಗಿತ್ತು. ಹೊಟ್ಟೆಯೊಳಗೆ ಎಷ್ಟೋ ಕಾಲದಿಂದ ಬಿಗಿದು ಕೂತಿದ್ದದ್ದು ಬಿಚ್ಚಿಕೊಂಡ ಹಾಗೆ ಹಿತವಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಕ್ಕ ತಾನು ಕೂರಿಸಿಲ್ಲ ಅನ್ನಲಿಲ್ಲ. ತೊಂಬತ್ತಕ್ಕೆ ಕುದಿಯೋದು ಸುಳ್ಳು, ಹಾಗೆಲ್ಲ ಆಗಲ್ಲ, ನಾನು ಕಣ್ಣಾರೆ ನೋಡಿ ಕೂರಿಸಿದ್ದು ಅಂತ ಗೊಣಗುತ್ತಾ, ಹಲಗೆಯ ಮೇಲೆ ಬಿದ್ದಿದ್ದ ಕಡ್ಡಿಯನ್ನು ಇನ್ನೊಮ್ಮೆ ನೋಡುವುದಕ್ಕೆ ಬಲಗೈ ಚಾಚಿದಳು. ಡ್ರೈವರ್ ರಾಡು ಎತ್ತಿದ. ತಮ್ಮನಿಗೆ ಅದು ಎದ್ದದ್ದು ಕಾಣಿಸಿತು, ಯಾವ ಕಡೆ ಬರುತ್ತದೆ ಅಂತಲೂ ಗೊತ್ತಾಯಿತು. ಏಟಿನ ದಾರಿ ಓದುವುದರಲ್ಲಿ ಅವನಷ್ಟು ಪಳಗಿದವನು ಆ ಊರಲ್ಲೇ ಇರಲಿಲ್ಲ. ಅಕ್ಕನ ಮೊಣಕೈ ಅವನಿಂದ ಒಂದು ಮಾರು ದೂರವೂ ಇರಲಿಲ್ಲ. ಒಮ್ಮೆ ತಳ್ಳಿದ್ದರೆ ಸಾಕಿತ್ತು. ಅವನು ತಳ್ಳಲಿಲ್ಲ.

ಒಣ ಸೌದೆ ಮುರಿದ ಸದ್ದು ಬಂತು. ಎರಡನೆಯ ಏಟಿಗೆ ಸದ್ದು ಬೇರೆ ಥರ ಇತ್ತು, ಒದ್ದೆಯಾಗಿತ್ತು. ಅಕ್ಕ ಕಿರುಚಲೂ ಇಲ್ಲ, ಬಾಯಿ ಮಾತ್ರ ತೆರೆದುಕೊಂಡಿತು. ಬೆರಳುಗಳು ಯಾರದೋ ಬೆರಳುಗಳ ಹಾಗೆ ಅತ್ತಿತ್ತ ತಿರುಗಿ ಹಲಗೆಯ ಮೇಲೆ, ಸೀಳಿದ ಕೋಳಿಯ ಪಕ್ಕದಲ್ಲಿ ಇದ್ದವು. ಮಣಿಕಟ್ಟಿನ ಚರ್ಮ ಹರಿದು ಬಿಳಿ ಮೂಳೆ ಇಣುಕಿತ್ತು. ಅವಳು ಮೆಲ್ಲಗೆ ಮಂಡಿಯೂರಿ ಹಲಗೆಯ ಅಂಚಿಗೆ ಹಣೆ ಇಟ್ಟಳು.

ಮೂರನೆಯದಕ್ಕೆ ಎತ್ತಿದ ರಾಡು ಡ್ರೈವರನ ಕೈಯಿಂದ ತಾನಾಗಿ ಜಾರಿ ಬಿತ್ತು. ಅವನು ಒಡೆದ ಗಾಜಿನ ನಡುವೆಯೇ ಕೂತು, ಅಪ್ಪ ಅಪ್ಪ ಅಂತ ಅಳತೊಡಗಿದ. ಅವರಿಬ್ಬರನ್ನೂ ನೋಡಿದ ತಮ್ಮ. ಆಮೇಲೆ ಒಲೆ ಆರಿಸಿದ.

ಅಕ್ಕನನ್ನು ಒಯ್ದದ್ದು ಡ್ರೈವರನ ಮನೆಯವರು ಮಲಗಿದ್ದ ಆಸ್ಪತ್ರೆಗೇ. ಊರಿಗೆ ಇದ್ದದ್ದು ಅದೊಂದೇ. ಕೈ ಏನಾಯಿತು ಅಂತ ಡಾಕ್ಟರು ಕೇಳಿದ್ದಕ್ಕೆ ಭಟ್ಟಿಯ ಮುಚ್ಚಳ ಬಿತ್ತು ಅಂದಳು. ತಮ್ಮನ ಕಿವಿ ನೋಡಿ ಇದೇನು ಅಂದರು, ಅದೂ ಮುಚ್ಚಳವೇ ಅಂದಳು. ಅಂಗೈ ಸುಟ್ಟದ್ದನ್ನು ಕೇಳುವ ಹೊತ್ತಿಗೆ ಡಾಕ್ಟರಿಗೆ ಆ ಮುಚ್ಚಳದ ಮೇಲೆ ನಂಬಿಕೆ ಹೋಗಿತ್ತು, ಬರೆದುಕೊಳ್ಳುವುದು ಬಿಟ್ಟು ಮುಲಾಮು ಹಚ್ಚಿದರು. ಕೈಗೆ ಎರಡು ಸಲ ಆಪರೇಷನ್ ಆಯಿತು. ಬೆರಳುಗಳು ಇರುತ್ತವೆ, ಆದರೆ ಮುಷ್ಟಿ ಕಟ್ಟಲು ಬರುವುದಿಲ್ಲ ಅಂದರು.

ಅವಳ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ತಮ್ಮ ಕೂತಿರುತ್ತಿದ್ದ. ಬ್ಯಾಂಡೇಜ್ ಸುತ್ತಿದ ಕೈಯಲ್ಲೇ ಚಮಚ ಹಿಡಿದು ಗಂಜಿ ಕುಡಿಸುತ್ತಿದ್ದ, ಅವಳು ಕುಡಿಯುತ್ತಿದ್ದಳು. ಒಂದು ಮಧ್ಯಾಹ್ನ ಎರಡು ಚಮಚದ ನಡುವೆ ಅವಳು ಛಾವಣಿ ನೋಡುತ್ತಾ ಕೇಳಿದಳು.

"ರಾಡು ಎತ್ತಿದಾಗ ನೀನು ನೋಡ್ತಿದ್ದೆ ಅಲ್ವಾ?"

"ಹೂಂ," ಅಂದ ತಮ್ಮ.

ಅವಳು ಬಾಯಿ ತೆರೆದಳು, ಮುಂದಿನ ಚಮಚಕ್ಕೆ. ಅವನು ಕುಡಿಸಿದ. ಅವಳು ಬೈದಿದ್ದರೆ, ನಾಯಿ ಅಂದಿದ್ದರೆ, ತಟ್ಟೆ ಎಡಗೈಯಲ್ಲಿ ಎತ್ತಿ ಮುಖಕ್ಕೆ ಎಸೆದಿದ್ದರೆ ಅವನಿಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಮುದುಕ ಸಾಯಲಿಲ್ಲ. ಬೇರೆಯವರೂ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಮುದುಕ ಎದ್ದು ಕೂತು ಮಗನಿಗೆ ನಾಲ್ಕು ಮಾತು ಬೈದದ್ದು ಈ ವಾರ್ಡಿನವರೆಗೂ ಕೇಳಿಸಿತು. ಅಕ್ಕ ಅಂಗಡಿಗೆ ಮರಳುವ ಹೊತ್ತಿಗೆ ಕಪಾಟಿಗೆ ಹೊಸ ಗಾಜು ಬಂದಿತ್ತು. ಡ್ರೈವರ್ ಯಾವಾಗಲೋ ಬಂದು ತಾನೇ ನಿಂತು ಕೂರಿಸಿ, ಒಳಗೆ ತಲೆ ಹಾಕದೆ ಹೋಗಿದ್ದ. ಪೊಲೀಸರಿಗೆ ಹೇಳೋಣವೇ ಅಂತ ಮೊಟ್ಟೆಯವನು ಕೇಳಿದಾಗ, ಹಿಂದಿನ ಮೊಟ್ಟೆ ಎಣಿಸಿ ಕೊಟ್ಟಿಲ್ಲ, ಮೊದಲು ಅದನ್ನು ಹೇಳು ಅಂತ ಅಕ್ಕ ಅವನನ್ನು ಸಾಗಹಾಕಿದಳು.

ಭಟ್ಟಿ ಮತ್ತೆ ಹಚ್ಚುವ ದಿನ ಬೆಳಿಗ್ಗೆ ಅವಳು ಐಸ್ ತರಿಸಿದಳು. ಐಸ್ ಎಲ್ಲಾ ಊರಲ್ಲೂ ಒಂದೇ, ಸೊನ್ನೆ, ಅದಕ್ಕೆ ಮೇಲು ಕೆಳಗೆ ಇಲ್ಲ ಅಂತ ಆಸ್ಪತ್ರೆಯಲ್ಲಿ ಯಾರನ್ನೋ ಕೇಳಿ ತಿಳಿದುಕೊಂಡಿದ್ದಳು. ಐಸ್ ಕುಟ್ಟಿ ಬಟ್ಟಲಿಗೆ ತುಂಬಿ, ಮೇಲೆ ನೀರು ಸುರಿದು ಕಲಕಿದ ತಮ್ಮ. ಅಕ್ಕ ಹಲಗೆಯ ಮುಂದೆ ಬಂದು ನಿಂತಳು. ಬಲಗೈ ಬಟ್ಟೆಯ ಜೋಳಿಗೆಯಲ್ಲಿ ಕುತ್ತಿಗೆಯಿಂದ ನೇತುಬಿದ್ದಿತ್ತು. ಎಡಗೈಯಿಂದ ಕಡ್ಡಿಯನ್ನು ಐಸಿನೊಳಗೆ ಇಳಿಸಿ ಹಿಡಿದಳು, ಬಟ್ಟಲಿನ ಬದಿಗೆ ತಾಗದ ಹಾಗೆ. ಮುಳ್ಳು ಇಳಿಯುತ್ತಾ ಬಂದು ಹತ್ತಕ್ಕೆ ನಿಂತಿತು.

ಏಪ್ರನ್ ಜೇಬಿನಲ್ಲಿದೆ ತೆಗೆದುಕೋ ಅಂದಳು. ತಮ್ಮ ಅವಳ ಜೇಬಿಗೆ ಕೈ ಹಾಕಿ ಸ್ಪ್ಯಾನರ್ ತೆಗೆದ. ಅಂಗೈಯ ಹೊಸ ಚರ್ಮಕ್ಕೆ ಅದು ತಣ್ಣಗೆ ಹತ್ತಿತು. ಕಡ್ಡಿಯ ಮುಖದ ಕೆಳಗೆ ತೂರಿಸಿ, ನಟ್ಟು ಕಚ್ಚಿಸಿ ತಿರುಗಿಸಿದ. ಮುಳ್ಳು ಎಂಟಕ್ಕೆ ಬಂತು, ಐದಕ್ಕೆ ಬಂತು, ಒಮ್ಮೆಗೇ ಸೊನ್ನೆ ದಾಟಿ ಆಚೆ ಹೋಯಿತು. ಹೆಚ್ಚಾಯಿತು, ಸ್ವಲ್ಪ ಹಿಂದಕ್ಕೆ ಅಂದಳು ಅಕ್ಕ. ಅವನ ಕೈ ಜಾರಿ ಸ್ಪ್ಯಾನರ್ ಬಟ್ಟಲಿಗೆ ಬಡಿದು ಐಸ್‌ನೀರು ಇಬ್ಬರ ಮೈಮೇಲೂ ಚಿಮ್ಮಿತು.

ಅವಳ ಎಡಗೈ ಕಡ್ಡಿ ಬಿಟ್ಟು ಮೇಲೆದ್ದಿತು.

ಅವನು ಕತ್ತು ಒಳಕ್ಕೆ ಎಳೆದುಕೊಳ್ಳಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು, ತಲೆ ಬಗ್ಗಿಸಿ, ಹಕ್ಕಳೆಗಟ್ಟಿ ವಾಸಿಯಾಗುತ್ತಿದ್ದ ಆ ಕಿವಿಯನ್ನು ಅವಳ ಕಡೆ ತಿರುಗಿಸಿ ಕಣ್ಣು ಮುಚ್ಚಿದ.

ಅಕ್ಕನ ಹೆಬ್ಬೆರಳು ಕಡ್ಡಿಯ ಮುಖದ ಗಾಜಿನ ಮೇಲೆ ಕೂತಿದ್ದ ಮಂಜನ್ನು ಒರೆಸಿದ ಸಣ್ಣ ಸದ್ದು ಕೇಳಿಸಿತು.

"ಈಗ ಕಾಣತ್ತೆ," ಅಂದಳು. "ನೋಡಿ ತಿರುಗಿಸು."

ಅವನು ಇನ್ನೂ ಹಾಗೇ ಬಗ್ಗಿಕೊಂಡು ನಿಂತಿದ್ದ. ಬಟ್ಟಲಿನಲ್ಲಿ ಐಸ್ ಕರಗುತ್ತಾ ಟಿಕ್ ಟಿಕ್ ಅನ್ನುತ್ತಿತ್ತು.